ತಪ್ಪಿ ಬಂದ ಡಿಸ್ಕು

ಮಾರ್ಚ್ ೯, ಶನಿವಾರ

ಮರಗೆಲಸದ ಹುಚ್ಚಿಗೆ ಬಿದ್ದು ಅದನ್ನು ಕಲಿಸುವ ವಿಡಿಯೋ ಡಿಸ್ಕುಗಳಿಗೆ ಚಂದಾ ಕಟ್ಟಿದ್ದೇ ತಪ್ಪಾಯಿತು. ಸಾಕು ನಿಲ್ಲಿಸಿ ಎಂದು ಎಷ್ಟು ಸಲ ಫೋನ್ ಮಾಡಿದರೂ ಅಂಚೆಯಲ್ಲಿ ಡಿಸ್ಕು ಬರುತ್ತಲೇ ಇರುತ್ತದೆ. ಇವತ್ತು ಬಂದದ್ದಂತೂ ಜೋಡಿ ನೃತ್ಯ ಕಲಿಸುವ ಡಿಸ್ಕು! ಮೈಯೆಲ್ಲ ಉರಿದು, ವಾಪಸ್ ಕಳಿಸಲು ಕಟ್ಟುತ್ತಿದ್ದೆ.

"ತಡೀರಿ, ಒಂದ್ಸಲ ಹಾಕಿ ನೋಡೋಣ" ಎಂದಳು ನನ್ನ ಹೆಂಡತಿ.

ಮಂಡಿಯ ಆಪರೇಷನ್ ಆದಮೇಲೆ ಗೋಡೆ ಹಿಡಿಯದೆ ಹೆಜ್ಜೆಯಿಡಲು ಹೆದರುವವಳು, ನನ್ನ ಹೆಗಲು ಹಿಡಿದು ಎದ್ದು ನಿಂತಳು. ಡಿಸ್ಕು ಹಾಕಿದೆ. ಟಿವಿಯಲ್ಲಿ ಕುಣಿಯುವವರು ಎಡಕ್ಕೆ ಹೋದರೆ ನಾನು ಬಲಕ್ಕೆ.

"ಕುಣೀತಿದ್ದೀರೋ, ಇರುವೆ ತುಳೀತಿದ್ದೀರೋ?"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತಲೇ ಅವಳು ಹೆಗಲಿನಿಂದ ಕೈ ತೆಗೆದಿದ್ದಳು. ಅದು ಅವಳಿಗೇ ತಿಳಿಯಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಕಿಟಕಿಯವರೆಗೂ ಒಬ್ಬಳೇ ಕುಣಿದುಕೊಂಡು ಹೋದಳು.