ಗದಿಗೆವ್ವ ಒಯ್ದ ಬಕಲ್

೧೮ ಫೆಬ್ರವರಿ ೨೦೨೫, ಮಂಗಳವಾರ. ಬೆಟಗೇರಿ.

ಡಂಬಳದ ಗದಿಗೆವ್ವ ಇವತ್ತು ತಪ್ಪು ಬಕಲ್ ಒಯ್ದಿದ್ದಾರೆ.

ಅವರ ತಂದೆ ಎರಡನೇ ಮಹಾಯುದ್ಧಕ್ಕೆ ಹೋದವರು ತಿರುಗಿ ಬರಲಿಲ್ಲ. ಬಂದದ್ದು ಅವರ ಬೆಲ್ಟಿನ ಹಿತ್ತಾಳೆ ಬಕಲ್ ಒಂದೇ. ಶಿರಹಟ್ಟಿಯಲ್ಲಿರುವ ತಂಗಿಗೂ ಅಂಥದ್ದೇ ಒಂದು ಎರಕ ಹೊಯ್ದು ಕೊಡಲು ನನ್ನಲ್ಲಿ ತಂದಿಟ್ಟಿದ್ದರು. ಆರಿದಾಗ ಎರಕ ಕುಗ್ಗುವುದನ್ನು ಲೆಕ್ಕ ಹಿಡಿದು ಅಚ್ಚು ಮಾಡಿದೆ. ಅಂಚಿನ ಸವೆತವನ್ನೂ ಅರದಿಂದ ಉಜ್ಜಿ ಮೂಡಿಸಿದೆ. ಹೊಸದೆಂದು ಗುರುತಿಸಲು ಉಳಿದಿದ್ದು ಬಣ್ಣವೊಂದೇ. ಮಧ್ಯಾಹ್ನ ಹೆಂಡತಿ ಮಹೆಕ, ಹೊಳೆಯಲಿ ಎಂದು, ಎರಡನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿಬಿಟ್ಟಳು.

ನಾನು ಭೂತಗನ್ನಡಿ ಹುಡುಕುವಷ್ಟರಲ್ಲಿ ಗದಿಗೆವ್ವ ಬಂದೇಬಿಟ್ಟರು. ಒಂದನ್ನು ಎತ್ತಿ ಎದೆಗೊತ್ತಿಕೊಂಡರು.

"ಇದ ನೋಡು ಅತಾವುಲ್ಲಾ, ನಮ್ಮಪ್ಪಂದು. ನನ್ನ ಕೈಗೆ ಗೊತ್ತಾಗೂದಿಲ್ಲೇನು? ಆ ಹೊಸಾದನ್ನ ನಾಳಿ ನಮ್ಮ ತಂಗಿ ಬಂದು ಒಯ್ತಾಳ."

"ಸ್ವಲ್ಪ ತಡೀರಿ ಅವ್ವಾರ, ನೋಡೂಣು," ಎಂದೆ. ಅವರು ಕಣ್ಣೊರೆಸಿಕೊಳ್ಳುತ್ತಿದ್ದರು. ಬಕಲನ್ನು ಸೆರಗಿಗೆ ಕಟ್ಟಿಕೊಂಡು ಹೊರಟೇಬಿಟ್ಟರು.

ಅವರು ಹೋದಮೇಲೆ ಉಳಿದದ್ದನ್ನು ಭೂತಗನ್ನಡಿ ಹಿಡಿದು ನೋಡಿದೆ. ಎರಕದಲ್ಲಿ ಗಾಳಿ ಸಿಕ್ಕಿ ಬೀಳುವ, ಸೂಜಿಮೊನೆಯಷ್ಟು ಸಣ್ಣ ತೂತು ಒಂದೂ ಇಲ್ಲ. ಕಾರ್ಖಾನೆಯಲ್ಲಿ ತಗಡು ಒತ್ತಿ ಮಾಡಿದ್ದು. ಇದೇ ಅಸಲು.

ನಾಳೆ ತಂಗಿ ಬರುವ ಮುಂಚೆ ಡಂಬಳಕ್ಕೆ ಹೋಗಲೇಬೇಕು. ಹೋಗಿ ಏನೆಂದು ಹೇಳಲಿ? ನಾನೇ ಬದಲಿಸಿದೆ ಎಂದುಕೊಂಡರೆ? ಅದಕ್ಕಿಂತಲೂ, ನನ್ನ ಮಾತು ನಂಬಿಬಿಟ್ಟರೆ? ಇವತ್ತು ಎದೆಗೊತ್ತಿಕೊಂಡು ಅತ್ತದ್ದು ನಾನು ಹೋದ ವಾರ ಎರೆದ ಹಿತ್ತಾಳೆಗೆ ಎಂದು ಆ ಮುಖ ನೋಡಿಕೊಂಡು ಹೇಗೆ ಹೇಳಲಿ?