ಇಪ್ಪತ್ತು ಯಲ್ಲೇಶರು

ಮಾಳಮಡ್ಡಿ, ಧಾರವಾಡ
೧೫ ಸೆಪ್ಟೆಂಬರ್ ೨೦೨೫

ಚರ್ಚಾಕೂಟದ ನನ್ನ ಹಳೆಯ ಎದುರಾಳಿ ಮಕಬೂಲಸಾಬನಿಗೆ ಸೋಮಪ್ಪನ ಸಪ್ರೇಮ ನಮಸ್ಕಾರ.

ಕಾಲೇಜಿನಲ್ಲಿ ನೀನು ನನ್ನನ್ನು ಒಮ್ಮೆಯೂ ಗೆದ್ದವನಲ್ಲ. ಈ ಪತ್ರವನ್ನು ಜೋಪಾನವಾಗಿ ಇಟ್ಟುಕೋ. ನನ್ನ ಸೋಲಿಗೆ ಇದೊಂದೇ ದಾಖಲೆ.

ನಿನ್ನ ವ್ಯಸನಮುಕ್ತಿ ಕೇಂದ್ರಕ್ಕೆ ಎರಡು ವರ್ಷ ಮನೋವೈದ್ಯರೊಬ್ಬರನ್ನು ನೇಮಿಸುವಷ್ಟು ಹಣವನ್ನು, ತೀರಿಕೊಂಡ ನನ್ನ ಮಗ ಯಲ್ಲೇಶನ ಹೆಸರಿನಲ್ಲಿ ಕೊಡಲು ನಾನು ಸಿದ್ಧನಿದ್ದೆ. ಷರತ್ತು ಒಂದೇ: ಬಾಗಿಲ ಫಲಕದಲ್ಲಿ ‘ಯಲ್ಲೇಶ ವಿಶ್ರಾಂತಿಧಾಮ’ ಎಂದಷ್ಟೇ ಇರಬೇಕು, ಕುಡಿತ, ವ್ಯಸನ, ಮನೋರೋಗ ಎಂಬ ಮಾತುಗಳು ಅವನ ಹೆಸರಿನ ಬಳಿ ಸುಳಿಯಕೂಡದು. ನೀನು, “ಇದೇನ ಲಾಡ್ಜ್ ಏನೋ ಸೋಮ್ಯಾ? ಕುಡದ ಸಾಕಾದಾವ ಬಾಗಲಾ ಹೆಂಗ ಹುಡಕಬೇಕು?” ಎಂದು ಕೇಳಿ ಚೆಕ್ಕನ್ನು ಹಿಂದಿರುಗಿಸಿದೆ. ಚೆಕ್ಕಿನೊಡನೆ ನಾನು ಕಳಿಸಿದ್ದ ಊಟದ ಇಪ್ಪತ್ತು ತಾಟುಗಳನ್ನು ಮಾತ್ರ ನೀನು ಇಟ್ಟುಕೊಂಡೆ. ದುರ್ಗದಬೈಲಿನ ಪೇಟೆಯಲ್ಲಿ ಕೊಂಡು, ನಮ್ಮ ರೂಢಿಯಂತೆ ಒಂದೊಂದರ ಅಂಚಿಗೂ ನಾನು ಮಗನ ಹೆಸರು ಕೊರೆಸಿದ್ದ ತಾಟುಗಳು.

ನಿನ್ನೆ ನಿನಗೆ ತಿಳಿಸದೆ ಕೇಂದ್ರಕ್ಕೆ ಬಂದಿದ್ದೆ. ಆ ತಾಟುಗಳನ್ನೂ ಮರಳಿ ಪಡೆಯುವುದು ನನ್ನ ಉದ್ದೇಶವಾಗಿತ್ತು, ಮುಚ್ಚಿಡುವುದಿಲ್ಲ. ಮಧ್ಯಾಹ್ನದ ಊಟ ನಡೆದಿತ್ತು. ಹೊಸ್ತಿಲು ದಾಟುವ ಮೊದಲೇ ಕೇಳಿಸಿತು:

“ಏ ಯಲ್ಲೇಶ, ಝುಣಕಾ ಈ ಕಡಿ ಕಳಸೋ!”

“ತಡೀಲೇ ಯಲ್ಲೇಶ, ನಾ ಇನ್ನೂ ಹಾಕ್ಕೊಂಡಿಲ್ಲ.”

ಮೂರು ವರ್ಷಗಳಿಂದ ನನ್ನ ಮನೆಯಲ್ಲಿ ಯಾರೂ ಉಚ್ಚರಿಸದ ಹೆಸರದು. ಒಳಗೆ ಹೋಗಿ, ಇಲ್ಲಿ ಎಷ್ಟು ಜನ ಯಲ್ಲೇಶರಿದ್ದಾರೆ ಎಂದು ಕೇಳಿದೆ. ಅಡುಗೆಯ ಹಾಜರಾಬಿ ಸಮಜಾಯಿಷಿ ಕೊಟ್ಟರು: “ಎಲ್ಲಾರ ತಾಟಿನ ಮ್ಯಾಲೂ ಒಂದ ಹೆಸರ ಐತಲ್ರೀ ಸಾಹೇಬ್ರ. ಉಣ್ಣಾಕ ಕುಂತಾಗ ಎಲ್ಲಾರೂ ಯಲ್ಲೇಶನ.”

ತೀರಿಕೊಂಡ ಆ ಯಲ್ಲೇಶನನ್ನು ಬಲ್ಲೆ ಎಂದಷ್ಟೇ ಹೇಳಿದೆ. ಅಮ್ಮಿನಬಾವಿಯ ಮುತ್ತು ಎಂಬ ತರುಣ, ನಾನು ಅವನ ತಂದೆಯೆಂದು ಅರಿಯದೆ, “ಆ ಖರೇ ಯಲ್ಲೇಶ ಏನಾಗಿ ಹ್ವಾದ್ರಿ?” ಎಂದು ಕೇಳಿದ. ಎಲ್ಲರಿಗೂ ಹೇಳುತ್ತ ಬಂದಂತೆ ಕಾಮಾಲೆ ಎಂದೆ.

ಅವನು ರೊಟ್ಟಿ ಮುರಿಯುತ್ತಲೇ, “ನನಗೂ ಅದ ಐತ್ರಿ. ನಮ್ಮಪ್ಪ ಊರ ತುಂಬ ಹಂಗ ಹೇಳ್ಯಾನ” ಎಂದ.

ಇಪ್ಪತ್ತು ಯಲ್ಲೇಶರೂ ಘೊಳ್ಳೆಂದು ನಕ್ಕರು. ನಾನೂ ನಕ್ಕೆ. ಮುತ್ತು ಎದ್ದು, ತನ್ನ ತಾಟನ್ನು ತೊಳೆದು ನನ್ನ ಮುಂದಿಟ್ಟ: “ಕುಂದರ್ರಿ ಕಾಕಾ, ನೀವೂ ಯಲ್ಲೇಶ ಆಗ್ರಿ.” ಎರಡು ರೊಟ್ಟಿ ಉಂಡೆ. ಝುಣಕಕ್ಕೆ ಉಪ್ಪು ಕಡಿಮೆಯಿತ್ತು, ಹಾಜರಾಬಿಯವರಿಗೆ ಹೇಳು.

ಚೆಕ್ಕು ಇದರೊಡನೆ ಇದೆ. ಷರತ್ತು ಇಲ್ಲ. ವೈದ್ಯರನ್ನು ಈ ತಿಂಗಳೇ ಕರೆಸು. ಫಲಕದಲ್ಲಿ ‘ಯಲ್ಲೇಶ ವ್ಯಸನಮುಕ್ತಿ ಕೇಂದ್ರ’ ಎಂದೇ ಬರೆಸು. ಅಕ್ಷರಗಳು ಬಸ್ ನಿಲ್ದಾಣದಿಂದಲೇ ಓದುವಂತಿರಲಿ.

ಸೋತರೂ ಹಗುರಾಗಿರುವ ನಿನ್ನ
ಸೋಮಪ್ಪ

ತಾ.ಕ.: ಸಾಯುವ ಆರು ತಿಂಗಳ ಮುಂಚೆ ಯಲ್ಲೇಶ ಇಂಥದೇ ಒಂದು ಕೇಂದ್ರದ ವಿಳಾಸ ತಂದು, “ಅಪ್ಪಾ, ನೀ ಜೋಡಿ ಬಂದ್ರ ಹೋಗ್ತೇನಿ” ಎಂದಿದ್ದ. ಅಲ್ಲಿನ ಫಲಕದ ಕೆಳಗೆ ನಮ್ಮನ್ನು ಕಂಡವರು ಏನೆಂದಾರು ಎಂದು ವಾದಿಸಿದೆ. ಆ ವಾದವನ್ನು ನಾನು ಗೆದ್ದಿದ್ದೆ. ಇನ್ನು ಪ್ರತಿ ರವಿವಾರ ಊಟಕ್ಕೆ ಬರುತ್ತೇನೆ. ಇಪ್ಪತ್ತೊಂದನೆಯ ತಾಟಿಗೂ ಅದೇ ಹೆಸರು ಕೊರೆಯಲು ಕೊಟ್ಟಾಗಿದೆ.