ಮಂದಿಯ ಹೊಳೆಗೆ ಬಾಗಿನ

ಕಾಪೆಲ್ಲೆ ಆನ್ ಡೆನ್ ಐಸೆಲ್
೧೬ ಆಗಸ್ಟ್ ೨೦೨೦, ಭಾನುವಾರ

ಸ್ವಪ್ನಾಳ ಅಪ್ಪನವರಿಗೆ ಗುರುಬಸವ್ವ ಮಾಡುವ ಶರಣು ಶರಣಾರ್ಥಿ.

ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ನೀವು, ಮೈದುನ ಈಶ್ವರಪ್ಪ, ನೆಗೆಣ್ಣಿ ಅನಸೂಯಾ ಆರಾಮ ಇದ್ದೀರೆಂದು ನಂಬಿದ್ದೇನೆ. ಪತ್ರ ತಡವಾಯಿತೆಂದು ಮುನಿಯಬೇಡಿ. ಅಂಚೆ ವಿಮಾನಗಳೇ ನಿಂತಿದ್ದವು. ಈಗ ಇಲ್ಲೇ ವೆಲ್ಡ್‌ಹೋವನ್ ಊರಿನಲ್ಲಿರುವ ನಮ್ಮ ಇಳಕಲ್ಲಿನ ಹುಡುಗ ರವಿಶಂಕರ ವಿಶೇಷ ವಿಮಾನದಲ್ಲಿ ಊರಿಗೆ ಹೊರಟಿದ್ದಾನೆ, ಅವನ ಕೈಗೆ ಕೊಡುತ್ತಿದ್ದೇನೆ. ನನ್ನ ಹೆಸರು ಇನ್ನೂ ಯಾವ ವಿಮಾನದ ಪಟ್ಟಿಯಲ್ಲೂ ಬಂದಿಲ್ಲ.

ದಿನಾ ಫೋನು ಮಾಡುವವಳು ಪತ್ರ ಯಾಕೆ ಬರೆದಳು ಎನ್ನುತ್ತೀರಿ. ಫೋನಿನಲ್ಲಿ ನಾವು ಮಾತಾಡುವುದೆಲ್ಲಿ ಬಂತು? ನಾನು "ಊಟ ಆತೇನ್ರಿ" ಅಂದರೆ ನೀವು "ಇಲ್ಲ, ಬರೇ ಮೋಡ ಆಗೇದ" ಅನ್ನುತ್ತೀರಿ. ಕಿವಿಗೆ ಯಂತ್ರ ಹಾಕಿಸಿಕೊಳ್ಳಿರೆಂದರೆ ಅದೊಂದೇ ಮಾತು ನಿಮಗೆ ಸರಿಯಾಗಿ ಕೇಳಿಸುತ್ತದೆ, ಸಿಟ್ಟಿಗೇಳುತ್ತೀರಿ. ಅದಕ್ಕೇ ಬರೆದೆ. ಲಕೋಟೆಯ ಮೇಲಿನ ನಿಮ್ಮ ಹೆಸರನ್ನು ಸ್ವಪ್ನಾಳ ಕೈಯಲ್ಲಿ ಬರೆಸಿದ್ದೇನೆ. "ಅವ್ವಾ, ಇಷ್ಟು ವರ್ಷ ಆದ್ರೂ ಅಪ್ಪನ ಹೆಸರು ಬರೆಯಾಕ ನಾಚಿಕಿ ಏನ?" ಎಂದು ನಕ್ಕಳು. ನಗಲಿ, ಬಾಣಂತಿ ನಕ್ಕರೆ ಹಾಲು ಚೆನ್ನಾಗಿ ಬರುತ್ತದೆ.

ಮೊಮ್ಮಗಳು ಪ್ರಜ್ಞಾ ಮಗ್ಗಲು ಮಗುಚುತ್ತಾಳೆ. ಮೂಗು ನಿಮ್ಮದು. ಅಳು ಅವರಪ್ಪನ ಕಡೆಯದು, ಒಮ್ಮೆ ಶುರುವಾದರೆ ಉಡುಪಿಯ ಮಳೆಯ ಹಾಗೆ ನಿಲ್ಲುವುದಿಲ್ಲ. ಅಳಿಯ ದಿವಾಕರ ಎದುರಿಗಿದ್ದಾಗಲೇ ಇದನ್ನು ಹೇಳಿದೆ. "ಅತ್ತೆ, ಮಳೆ ಬಿಡಿ, ನಿಮ್ಮ ಬಾಗಲಕೋಟೆಯ ಬಿಸಿಲು ಅವಳ ಸಿಟ್ಟಿನಲ್ಲಿ ಉಂಟು" ಎಂದ. ಒಳ್ಳೆಯ ಹುಡುಗ. ನನ್ನ ರೊಟ್ಟಿಯ ಸಪ್ಪಳಕ್ಕೆ ಕೆಳಗಿನ ಮನೆಯವರು ದೂರು ಕೊಟ್ಟಾಗ ತಾನೇ ಹೋಗಿ ನಾಲ್ಕು ರೊಟ್ಟಿ ಕೊಟ್ಟು ಬಂದ. ಆಮೇಲೆ ದೂರಿಲ್ಲ.

ಈ ಡಚ್ಚರ ಊರಿನ ಒಂದು ಸುದ್ದಿ ಕೇಳಿದರೆ ನೀವು ನಗುತ್ತೀರಿ. ಮನೆಯ ಹತ್ತಿರವೇ ಹೊಳೆ ಇದೆ, ಅದಕ್ಕೆ ದೊಡ್ಡ ಒಡ್ಡು ಕಟ್ಟಿದ್ದಾರೆ. ಒಡ್ಡಿನ ಮೇಲೆ ನಿಂತು ನೋಡಿದರೆ ಹೊಳೆ ಮೇಲೆ, ಊರು ಕೆಳಗೆ. ಇಲ್ಲಿಯ ನೆಲ ಸಮುದ್ರಕ್ಕಿಂತ ಕೆಳಗಿದೆಯಂತೆ. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟು ಎದ್ದು ಬಂದವಳನ್ನು ಮಗಳು ತಂದು ನೀರಿನ ಕೆಳಗೇ ಕೂಡಿಸಿದ್ದಾಳೆ.

ಈಗ ನಿಜವಾದ ಸುದ್ದಿಗೆ ಬರುತ್ತೇನೆ. ನಾನೊಂದು ಎಡವಟ್ಟು ಮಾಡಿಕೊಂಡು ಕೂತಿದ್ದೆ.

ನಮ್ಮ ಮನೆ ಐದನೆಯ ಮಹಡಿಯಲ್ಲಿ. ಎಲ್ಲ ಮನೆಗಳ ಮುಂದೆ ಒಂದೇ ಉದ್ದನೆಯ ಕಿರಿದಾದ ಪಡಸಾಲೆ, ನಮ್ಮ ಹಳೇ ಶಾಲೆಯ ಜಗಲಿಯ ಹಾಗೆ. ನಮ್ಮ ಬಲಗಡೆ ಸಾಮಿಯಾ, ಈಜಿಪ್ತಿನವಳು. ಅವಳಾಚೆ ಪಡಸಾಲೆಯ ಕೊನೆಯ ಮನೆ ಹಿರುತ್‌ಳದು, ಇಥಿಯೋಪಿಯಾದವಳು. ಇಬ್ಬರೂ ನಮ್ಮ ಅನಸೂಯಾಳ ವಯಸ್ಸಿನವರು. ಸ್ವಪ್ನಾಳಿಗೆ ಹೆರಿಗೆ ನೋವು ಬಂದಾಗ ದಿವಾಕರನಿಗೆ ಕೆಮ್ಮು ಜ್ವರ, ಆಸ್ಪತ್ರೆಯವರು ಅವನನ್ನು ಒಳಗೆ ಬಿಡುವುದಿಲ್ಲ ಅಂದರು. ನನಗೆ ಅಲ್ಲಿಯ ಮಾತು ಬರುವುದಿಲ್ಲ. ಬಾಯಿಗೆ ಮುಸುಕು ಕಟ್ಟಿಕೊಂಡು ನಮ್ಮ ಮಗಳ ಕೈ ಹಿಡಿದು ಕೂತವಳು ಸಾಮಿಯಾ. ಬಾಣಂತನ ಪೂರ್ತಿ ತುಪ್ಪ ಹಾಕಿದ ಹಿಟ್ಟಿನ ಗಂಜಿ ಬೇಯಿಸಿ ಬಾಗಿಲ ಮುಂದೆ ಇಟ್ಟು ಗಂಟೆ ಬಾರಿಸಿ ದೂರ ನಿಲ್ಲುತ್ತಿದ್ದವಳು ಹಿರುತ್. ತವರಿನವರಾದರೂ ಇಷ್ಟು ಮಾಡುತ್ತಿದ್ದರೋ ಇಲ್ಲವೋ. ಅವರಿಬ್ಬರೂ ಒಬ್ಬರ ತಟ್ಟೆಯಲ್ಲಿ ಒಬ್ಬರು ಕೈ ಹಾಕುವಷ್ಟು ಗೆಳತಿಯರು. ಸಂಜೆ ಮೂವರೂ ಅವರವರ ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದೆವು. ದಿವಾಕರ ಮಧ್ಯೆ ನಿಂತು ಅವರ ಡಚ್ಚನ್ನು ನನಗೆ, ನನ್ನ ಕನ್ನಡವನ್ನು ಅವರಿಗೆ ದಾಟಿಸುತ್ತಿದ್ದ. ಅವರ ಮಾತನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ, ನನಗೆ ಹಾಗೇ ಕೇಳಿಸುತ್ತದೆ.

ಹಿರುತ್‌ಳ ದೇಶದಲ್ಲಿ ನೈಲ್ ನದಿಯ ಮೇಲ್ಗಡೆ ದೊಡ್ಡ ಅಣೆಕಟ್ಟು ಕಟ್ಟುತ್ತಿದ್ದಾರೆ. ಆ ನದಿಯನ್ನು ಅವಳು ಅಬ್ಬಾಯ್ ಎನ್ನುತ್ತಾಳೆ. ನನಗೆ ಮೊದಲ ಸಲ ಅಬ್ಬೆ ಎಂದೇ ಕೇಳಿಸಿತ್ತು. ಅದೇ ನದಿ ಸುಡಾನ್ ದಾಟಿ ಸಾಮಿಯಾಳ ಈಜಿಪ್ತಿಗೆ ಹೋಗುತ್ತದೆ. ಎಷ್ಟು ನೀರು ಹಿಡಿಯಬೇಕು, ಎಷ್ಟು ಬಿಡಬೇಕು ಎಂದು ಮೂರು ದೇಶಗಳ ನಡುವೆ ವರ್ಷಗಟ್ಟಲೆ ಪಂಚಾಯಿತಿ, ಇನ್ನೂ ಬಗೆಹರಿದಿಲ್ಲ. ಅಷ್ಟರಲ್ಲಿ ಪಂಚಮಿ ಹಬ್ಬದ ಹೊತ್ತಿಗೆ ಅಲ್ಲಿ ಮಳೆ ಹೊಡೆದು ಅಣೆಕಟ್ಟಿಗೆ ಮೊದಲ ವರ್ಷದ ನೀರು ತುಂಬಿತು. ನಾನು ಉಂಡಿ ಕಟ್ಟುತ್ತಿದ್ದೆ. ಹಿರುತ್ ಫೋನು ಹಿಡಿದುಕೊಂಡು ಓಡಿ ಬಂದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಅಜ್ಜಿ, ತುಂಬಿತು ನೋಡು, ನಮ್ಮದು ತುಂಬಿತು" ಎಂದಳು.

ನಿಮಗೆ ಗೊತ್ತಿದೆಯಲ್ಲ, ತುಂಬಿತು ಅನ್ನುವ ಮಾತು ಕೇಳಿದರೆ ನಮ್ಮ ಕಡೆಯ ಹೆಂಗಸಿನ ಕೈ ಸುಮ್ಮನಿರುವುದಿಲ್ಲ. ಬಸುರಿಗೆ ತಿಂಗಳು ತುಂಬಿದರೆ ಉಡಿ, ಹೊಳೆ ತುಂಬಿದರೆ ಬಾಗಿನ. ಇಲ್ಲಿ ಮೊರ ಎಲ್ಲಿ ಸಿಗಬೇಕು? ಬ್ರೆಡ್ಡು ಇಡುವ ಹೆಣೆದ ಬುಟ್ಟಿಗಳನ್ನು ದಿವಾಕರನ ಕೈಯಲ್ಲಿ ತರಿಸಿದೆ. ಒಂದರ ಮೇಲೊಂದು ಕವುಚಿದರೆ ಮೊರದ ಹಾಗೇ ಕಾಣುತ್ತವೆ. ಒಳಗೆ ಅರಿಸಿನ, ಕುಂಕುಮ, ಹಸಿರು ಬಳೆ, ಕುಬಸದ ಕಣ, ತೊಗರಿಬೇಳೆ, ಬೆಲ್ಲ, ತೆಂಗಿನಕಾಯಿ, ಎರಡು ಪಂಚಮಿ ಉಂಡಿ. ಹಿರುತ್‌ಳಿಗೆ ಒಂದು ಕಟ್ಟಿದ ಮೇಲೆ ನನಗೆ ಅನ್ನಿಸಿತು, ಹೊಳೆ ಒಂದೇ ಅಲ್ಲವೇ, ಮೇಲಿನವಳಿಗೆ ಕೊಟ್ಟು ಕೆಳಗಿನವಳನ್ನು ಬಿಟ್ಟರೆ ಹೇಗೆ. ಸಾಮಿಯಾಳಿಗೂ ಒಂದು ಕಟ್ಟಿದೆ. ಸ್ವಪ್ನಾ ಆಫೀಸಿನ ಮೀಟಿಂಗಿನಲ್ಲಿದ್ದಳು. ಕೇಳದೆ ನಾನೇ ಹೋಗಿ ನನ್ನ ಹರಕು ಇಂಗ್ಲಿಷಿನಲ್ಲಿ, "ರಿವರ್ ಫುಲ್. ಕಂಗ್ರ್ಯಾಜುಲೇಶನ್" ಎಂದು ಅವಳ ಕೈಯಲ್ಲಿ ಇಟ್ಟುಬಿಟ್ಟೆ.

ಅವಳ ಮುಖ ಹೇಗಾಯಿತೆಂದು ಬರೆಯಲು ನನಗೆ ಬರುವುದಿಲ್ಲ. ಬಾಗಿಲು ಹಾಕಿಕೊಂಡಳು. ಮರುದಿನ ಬೆಳಿಗ್ಗೆ ಬುಟ್ಟಿ ನಮ್ಮ ಹೊಸ್ತಿಲಲ್ಲಿತ್ತು. ಗಂಟು ಬಿಚ್ಚಿರಲಿಲ್ಲ.

ಸ್ವಪ್ನಾ ತಲೆ ಮೇಲೆ ಕೈ ಇಟ್ಟುಕೊಂಡಳು. "ಅವ್ವಾ, ಅವರ ಅಣ್ಣ ಕಾಲುವಿ ತುದೀ ಹೊಲದಾಂವ. ಈಗೇ ನೀರು ಬರೂದಿಲ್ಲ ಅಂತ ದಿನಾ ಅಳತಾನ. ಆಕಿಗೆ ಹೋಗಿ ಕಂಗ್ರ್ಯಾಜುಲೇಶನ್ ಅಂದಿಯಲ್ಲ." ದಿವಾಕರ, "ಎಂತ ಮಾಡಿದ್ದು ಅತ್ತೆ ಮಾರಾಯ್ರೆ, ಎರಡು ಸರ್ಕಾರ ಮಾಡದ ಕೆಲಸ ನೀವು ಒಂದು ಬುಟ್ಟಿಯಲ್ಲಿ ಮಾಡಿದ್ರಿ" ಎಂದ. ಅಷ್ಟಕ್ಕೇ ಮುಗಿಯಲಿಲ್ಲ. ಸಾಮಿಯಾಳಿಗೂ ಬಾಗಿನ ಹೋಗಿತ್ತೆಂದು ಗೊತ್ತಾಗಿ ಹಿರುತ್ ಮುಖ ತಿರುಗಿಸಿದಳು. "ಆಕಿ ದೇಶ ಬ್ಯಾಡ ಬ್ಯಾಡ ಅಂದದ್ದು. ನಾವು ಪಗಾರದಾಗ ರೊಕ್ಕ ಮುರಿಸಿ ಕಟ್ಟಿದ್ದು. ಆಕಿಗ್ಯಾಕ?" ಅವರಿಬ್ಬರ ನಡುವೆಯೂ ಅದೇ ದಿನ ಏನೋ ಮಾತಾಗಿ ಹೋಯಿತಂತೆ. ಸಂಜೆ ಪಡಸಾಲೆಯಲ್ಲಿ ನನ್ನದೊಂದೇ ಕುರ್ಚಿ.

ಅದನ್ನೂ ಒಳಗೆ ತಂದಿಟ್ಟೆ. ಇವತ್ತಲ್ಲ ನಾಳೆ ನಾನು ಊರಿಗೆ ಹೊರಡುವವಳು, ಮಗಳು ಇಲ್ಲೇ ಇರಬೇಕಾದವಳು. ಅವಳಿಗೆ ಇಲ್ಲಿರುವ ಅಕ್ಕ ತಂಗಿಯರೆಂದರೆ ಈ ಇಬ್ಬರೇ. ಅವರನ್ನು ದೂರ ಮಾಡಿ ಹೋದರೆ ನಾನು ಬಾಣಂತನ ಮಾಡಿದ್ದೇನು ಬಂತು?

ಪಂಚಮಿಯ ಮುಂದಿನ ಬುಧವಾರ ದಿವಾಕರನನ್ನು ಎಬ್ಬಿಸಿಕೊಂಡು, ಅದೇ ಬುಟ್ಟಿ ಹಿಡಿದು ಸಾಮಿಯಾಳ ಬಾಗಿಲಿಗೆ ಹೋದೆ. ಅವನ ಹೆಗಲ ಮೇಲೆ ಕೂಸು. ಸಾಮಿಯಾ ಬಾಗಿಲು ತೆರೆದು ಹೊಸ್ತಿಲಲ್ಲೇ ನಿಂತಳು. ಅಂಗನವಾಡಿಯಲ್ಲಿ ಮಕ್ಕಳಿಗೆ ಕಥೆ ಹೇಳಿಕೊಂಡೇ ಹೊಟ್ಟೆ ಹೊರೆದವಳು ನಾನು, ಒಂದು ಬಾವಿಯ ಇಬ್ಬರು ಸೊಸೆಯರ ಕಥೆ ಹೇಳಿ ನಗಿಸಬೇಕೆಂದು ಹೋಗಿದ್ದೆ. "ಒಂದೂರಾಗ ಒಂದು ಬಾವಿ ಇತ್ತಂತ" ಎನ್ನುತ್ತಲೇ ಕೈ ಅಡ್ಡ ಹಿಡಿದಳು.

"ಕಥಿ ಬ್ಯಾಡ, ಅಜ್ಜಿ."

ಆ ಹೊತ್ತಿಗೆ ಲಿಫ್ಟಿನ ಬಾಗಿಲು ತೆರೆದು ಹಿರುತ್ ಬಂದಳು. ವೃದ್ಧಾಶ್ರಮದಲ್ಲಿ ಅವಳ ಕೆಲಸ, ಪಾಳಿ ಮುಗಿಸಿ ಬಂದಿದ್ದಳು. ಅವಳು ಮನೆಗೆ ಹೋಗಬೇಕೆಂದರೆ ನಮ್ಮನ್ನು ದಾಟಬೇಕು. ಇಲ್ಲಿ ಒಬ್ಬರಿಂದ ಒಬ್ಬರು ಒಂದೂವರೆ ಮೀಟರ್ ದೂರ ಇರಬೇಕೆಂಬ ಕಾಯಿದೆ. ಪಡಸಾಲೆಯ ಅಗಲವೇ ಅಷ್ಟಿಲ್ಲ. ಹಿಂದೆ ಹೋಗಲು ಮನಸ್ಸಿಲ್ಲ, ಮುಂದೆ ಬರಲು ದಾರಿಯಿಲ್ಲ, ಚೀಲ ಹಿಡಿದುಕೊಂಡು ಅಲ್ಲೇ ನಿಂತಳು.

ಸಾಮಿಯಾ ಅವಳನ್ನು ನೋಡದೆ ನನ್ನನ್ನೇ ಕೇಳಿದಳು. "ನಿಮ್ಮೂರಾಗ ಡ್ಯಾಮ್ ತುಂಬಿದ್ರ ಎಲ್ಲಾರೂ ಕುಣೀತಾರೇನು? ಕೆಳಗಿನವರೂ?"

"ಕೆಳಗಿನವರು ಬೈತಾರ," ಎಂದೆ. "ಮ್ಯಾಲಿನವರು ಮುಳಗತಾರ. ಕುಣಿಯೋರು ಫೋಟೋದಾಗ ಬರತಾರ."

"ನೀ ಯಾರ ಪೈಕಿ?"

"ಮುಳುಗಿದವರ ಪೈಕಿ."

ದಿವಾಕರ ಇದನ್ನು ದಾಟಿಸಿದ ಮೇಲೆ ಹಿಂದಿನಿಂದ ಹಿರುತ್ ಕೇಳಿದಳು, "ಒಮ್ಮೆನೂ ಹೇಳಲಿಲ್ಲಲ್ಲ ಅಜ್ಜಿ?" "ನೀವ್ಯಾರೂ ಕೇಳಲಿಲ್ಲ, ನಾ ಹೇಳಲಿಲ್ಲ" ಅಂದೆ. ನಮ್ಮ ಹಳೇ ಊರಿನ ಸುದ್ದಿ ನಾಲ್ಕು ಮಾತಿನಲ್ಲಿ ಹೇಳಿದೆ. ನಿಮ್ಮ ಕೈಯಿಂದಲೇ ಬಾಗಿಲು ಚೌಕಟ್ಟು ಕಿತ್ತು ಟ್ರ್ಯಾಕ್ಟರಿಗೆ ಹೇರಿದ್ದು, ನವನಗರದ ಹೊಸ ಮನೆಗೆ ಅದು ಅಳತೆ ಕೂಡದೆ ಹೋದದ್ದು.

ಸಾಮಿಯಾ, "ಹಂಗಾದ್ರ ನಿಮ್ಮ ಹೊಳಿಗೆ ನೀ ಎಷ್ಟು ಬುಟ್ಟಿ ಕೊಟ್ಟಿ?" ಎಂದಳು.

"ಒಂದೂ ಇಲ್ಲ."

ದಿವಾಕರ ಅದನ್ನು ದಾಟಿಸಲಿಲ್ಲ. ನನ್ನ ಕಡೆ ತಿರುಗಿ, "ಹೌದಾ ಅತ್ತೆ?" ಎಂದು ಮೆಲ್ಲಗೆ ಕೇಳಿದ. ಹೌದಪ್ಪಾ, ಹೇಳು ಅವಳಿಗೆ ಎಂದೆ.

"ಮತ್ತ ನಮ್ಮ ಹೊಳಿಗೆ ಯಾಕ ಕೊಟ್ಟಿ?"

"ಮಂದಿ ಹೊಳಿಗೆ ಕೊಡೂದು ಹಗುರ ಅದ, ತಂಗಿ."

ಸಾಮಿಯಾಳ ಕಣ್ಣು ತುಂಬಿತು. ಹಿರುತ್ ಚೀಲ ನೆಲಕ್ಕಿಟ್ಟಳು. ಅವಳಿಗೆ ಅಣೆಕಟ್ಟು ಅಂದರೆ ಒಂದು ಬಲ್ಬಂತೆ. ಅವಳ ತಾಯಿ ಹೊಗೆಯಲ್ಲಿ ಅಡುಗೆ ಮಾಡಿ ಮಾಡಿ ಕಣ್ಣು ಕಳೆದುಕೊಂಡವಳು. "ಆ ಮನ್ಯಾಗ ಒಂದು ದೀಪ ಹತ್ತಬೇಕು, ನನಗ ಬ್ಯಾರೇ ಏನೂ ಗೊತ್ತಿಲ್ಲ" ಎಂದಳು. ಸಾಮಿಯಾ ಆಗಲೂ ಅವಳನ್ನು ನೋಡದೆಯೇ, "ದೀಪ ಬ್ಯಾಡ ಅಂದವರ್ಯಾರು? ಕೇಳಿ ಹಚ್ಚು ಅಂದೆ" ಎಂದಳು. "ನಿಮ್ಮನ್ನ ಕೇಳಿ ಹಚ್ಚಬೇಕಂದ್ರ ನಮ್ಮವ್ವ ಸಾಯ್ತಾಳ." ಮತ್ತೆ ಜಗಳ ಹತ್ತಿಕೊಂಡಿತು ಎಂದುಕೊಂಡೆ. ಕೂಸು ಯಾಕೋ ಸಾಮಿಯಾಳ ಕಡೆ ಕೈ ಚಾಚಿ ಕೇಕೆ ಹಾಕಿತು, ದಿವಾಕರ ಅದರ ಕೈ ಹಿಂದೆ ಎಳೆದುಕೊಂಡ. ಮೂವರೂ ಆ ಕೈಯನ್ನೇ ನೋಡಿದೆವು.

ಕಡೆಗೆ ಸಾಮಿಯಾ, "ಬ್ಯಾಳಿ ಕೊಡು ಅಜ್ಜಿ, ಬುಟ್ಟಿ ಬ್ಯಾಡ" ಎಂದಳು. ಬೇಳೆ ಬೆಲ್ಲ ಉಂಡಿ ತೆಗೆದುಕೊಂಡಳು. ಬಳೆ, ಕಣ, ಕುಂಕುಮ ಬಿಟ್ಟಳು. ನಾನು ಒತ್ತಾಯ ಮಾಡಲಿಲ್ಲ. ಆಮೇಲೆ ಹಿರುತ್‌ಗೆ ದಾರಿ ಬಿಡಲು ಹೊಸ್ತಿಲೊಳಗೆ ಸರಿದು ನಿಂತಳು. ಹಿರುತ್ ದಾಟುವಾಗ ಕಾಲು ನಿಧಾನ ಮಾಡಿ, "ನಿಮ್ಮಣ್ಣನ ಜ್ವರ?" ಎಂದಳು. "ಇಳಿದೈತಿ" ಎಂದಳು ಇವಳು. ಅಷ್ಟೇ.

ಜಗಳ ಹಾಗೇ ಇದೆ. ಟಿವಿಯಲ್ಲಿ ಅವರ ಮಂತ್ರಿಗಳು ಮಾತಾಡಿದ ದಿನ ಇಬ್ಬರೂ ಬಾಗಿಲು ತೆರೆಯುವುದಿಲ್ಲ. ಉಳಿದ ದಿನ ಮೂರು ಕುರ್ಚಿ ಬೀಳುತ್ತವೆ. ನಿನ್ನೆ ಹಿರುತ್ ಬಳೆ ತೊಟ್ಟುಕೊಂಡು ಬಂದಿದ್ದಳು. ಸಾಮಿಯಾ ನೋಡಿ, "ನಿನ್ನ ಕೈಗೆ ಬಿಗಿ ಆಗೇದ, ದಪ್ಪಗಾಗಿ" ಎಂದಳು. ಚುಚ್ಚಿದ್ದೋ ಪ್ರೀತಿಯೋ ನನಗೆ ತಿಳಿಯಲಿಲ್ಲ. ಮಗಳಿಗೆ ಇಷ್ಟು ಉಳಿಸಿ ಬಂದರೆ ಸಾಕು.

ರವಿಶಂಕರನ ಕೈಯಲ್ಲಿ ಚೀಸು ಕಳಿಸಿದ್ದೇನೆ, ವಾಸನೆ ನೋಡಿ ಎಸೆಯಬೇಡಿ. ಈಶ್ವರಪ್ಪನಿಗೆ ಬೀಡಿ ಬಿಡಲು ಹೇಳಿ. ಅನಸೂಯಾಳಿಗೆ ನನ್ನ ಆಶೀರ್ವಾದ, ಅವಳ ಮಕ್ಕಳಿಗೂ. ಮಾಸ್ಕು ಮೂಗಿನ ಮೇಲಿರಲಿ, ಗಡ್ಡದ ಮೇಲಲ್ಲ. ಬಸವಣ್ಣ ನಿಮ್ಮನ್ನು ತಂಪಾಗಿಟ್ಟಿರಲಿ. ಪ್ರಜ್ಞಾ ಈ ಹಾಳೆಯ ಮೂಲೆ ಜಗಿದಿದ್ದಾಳೆ, ಅದು ಅಜ್ಜನಿಗೆ ಮುತ್ತು.

ನಿಮ್ಮ
ಗುರುಬಸವ್ವ

ತಾ.ಕ.: ಇದನ್ನು ಸ್ವಪ್ನಾ ಕೂಸನ್ನು ಮಲಗಿಸಲು ಒಳಗೆ ಹೋದಾಗ ಬರೆಯುತ್ತಿದ್ದೇನೆ. ಮೇ ತಿಂಗಳಲ್ಲಿ ನೀವು ಫೋನಿನಲ್ಲಿ, "ಹಿನ್ನೀರು ಇಳಿದಿತ್ತು, ಹಳೇ ಊರಿಗೆ ಹೋಗಿ ಬಸವನ ಸಮಾಧಿಗೆ ಸುಣ್ಣ ಹಚ್ಚಿ ಪತ್ರಿ ಏರಿಸಿ ಬಂದೆ" ಎಂದಿರಿ. ಅನಸೂಯಾ ಮೊನ್ನೆ ಬಾಯಿ ತಪ್ಪಿ ಹೇಳಿಬಿಟ್ಟಳು. ಲಾಕ್‌ಡೌನಿನಲ್ಲಿ ನಾಕಾದ ಪೊಲೀಸರು ನಿಮ್ಮನ್ನು ಅರ್ಧ ದಾರಿಯಿಂದಲೇ ತಿರುಗಿಸಿದರಂತೆ, ಸುಣ್ಣದ ಡಬ್ಬಿ ಇನ್ನೂ ಹಿತ್ತಿಲಲ್ಲಿ ಇದೆಯಂತೆ. ಅವಳನ್ನು ಬೈಯಬೇಡಿ. ನಾನು ದೂರದಲ್ಲಿ ಅಳಬಾರದೆಂದು ನೀವು ಹಾಗೆ ಹೇಳಿದ್ದು ನನಗೆ ತಿಳಿಯುತ್ತದೆ. ಊರು ಎದ್ದಾಗ ಪರಿಹಾರಕ್ಕೆಂದು ಮನೆಗೆ, ಬಾವಿಗೆ, ಬೇವಿನ ಗಿಡಕ್ಕೆ ನಂಬರು ಹಾಕಿದರು. ನಾಲ್ಕು ವರ್ಷಕ್ಕೇ ಮಣ್ಣಿಗಿಟ್ಟ ನಮ್ಮ ಮಗ ಬಸವನ ಸಮಾಧಿಗೆ ಯಾರು ಹಾಕುತ್ತಾರೆ? ಮಂದಿ ಆ ನೀರಿಗೆ ಬಾಗಿನ ಬಿಡುವಾಗ ಅವನ ಎದೆ ಮೇಲೆ ಬಿದ್ದ ಹಾಗೆ ಆಗುತ್ತದೆ, ಅದಕ್ಕೇ ನನ್ನ ಕೈ ಏಳಲಿಲ್ಲ. ಈ ವರ್ಷ ಅವನ ಹತ್ತಿರ ಯಾರೂ ಹೋಗದೆಯೇ ನೀರು ಮತ್ತೆ ಮುಚ್ಚಿತು. ನೀವೊಬ್ಬರೇ ಅದನ್ನು ಹೊತ್ತುಕೊಂಡು ತಿರುಗಬೇಡಿ. ಒಂದು ದಿನ ದಂಡೆಯ ತನಕ ಹೋಗಿ ಬನ್ನಿ. ಪತ್ರಿ ಬೇಡ, ಏನೂ ಎಸೆಯಬೇಡಿ. ಅವನಿಗೆ ಕೇಳುವ ಹಾಗೆ ಹೇಳಿ ಬನ್ನಿ: ತಂಗಿ ಹುಟ್ಟಿದ್ದೇ ಅವನಿಗೆ ಗೊತ್ತಿಲ್ಲ, ಈಗ ಅವಳಿಗೊಂದು ಹೆಣ್ಣು ಕೂಸಾಗಿದೆ, ಅವನು ಸೋದರಮಾವ ಆಗಿದ್ದಾನೆ.